ಕೆನಡಾದಲ್ಲಿ ಗಾಂಜಾ ಸಕ್ರಮವಾದ ಮೇಲೆ ಸೇದುವವರು ಹೆಚ್ಚಾದರೇ? ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಗೆ ಬಂದಾಗಲೆಲ್ಲ ಯಾವುದಾದರೂ ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ದನಿ ತಗ್ಗಿಸಿ ಕೇಳುತ್ತಾರೆ: “ನಿಮ್ಮ ಕೆನಡಾದಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದಂತೆ, ಹೌದೇ?” ಹೌದು ಎಂದರೆ ಮುಂದಿನ ಪ್ರಶ್ನೆ ಸಾಲಾಗಿ ಬರುತ್ತವೆ. ಸಾರು ಬಡಿಸುವಷ್ಟರಲ್ಲಿ ಉತ್ತರ ಮುಗಿಯುವುದಿಲ್ಲ. ಅದಕ್ಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಒಂಟಾರಿಯೊ ಪ್ರಾಂತ್ಯದಲ್ಲಿ ನೆಲೆಸಿ, ಸರ್ಕಾರಿ ಸಮೀಕ್ಷೆಗಳನ್ನು ಹವ್ಯಾಸಕ್ಕೆ ಓದುವವನು.

ಮೊದಲಿಗೆ, ಅಲ್ಲಿ ಆಗಿದ್ದೇನು?

2018ರ ಅಕ್ಟೋಬರ್ 17ರಂದು ಗಾಂಜಾ ಕಾಯ್ದೆ ಜಾರಿಗೆ ಬಂತು. ದೇಶದ ಪೂರ್ವದ ತುದಿಯ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಗಡಿಯಾರ ಉಳಿದ ಪ್ರಾಂತ್ಯಗಳಿಗಿಂತ ಮುಂದಿರುವುದರಿಂದ, ಮೊದಲ ಸಕ್ರಮ ಮಾರಾಟ ಅಲ್ಲಿನ ಸೇಂಟ್ ಜಾನ್ಸ್ ನಗರದಲ್ಲಿ ನಡುರಾತ್ರಿ ನಡೆಯಿತು. ಚಳಿಯಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ಇಡೀ ದೇಶದಲ್ಲಿ ಗಾಂಜಾವನ್ನು ಸಕ್ರಮಗೊಳಿಸಿದವರಲ್ಲಿ ಉರುಗ್ವೆ ಮೊದಲನೆಯದು, ಕೆನಡಾ ಎರಡನೆಯದು. ವೈದ್ಯಕೀಯ ಬಳಕೆಗೆ 2001ರಿಂದಲೇ ಅವಕಾಶವಿತ್ತು.

ವಯಸ್ಕರು ಹೊರಗೆ 30 ಗ್ರಾಂ ಒಣ ಗಾಂಜಾ ಇಟ್ಟುಕೊಳ್ಳಬಹುದು, ಮನೆಯಲ್ಲಿ ನಾಲ್ಕು ಗಿಡ ಬೆಳೆಯಬಹುದು. ಆದರೆ ಇದು ದೇಶದ ಚೌಕಟ್ಟು ಮಾತ್ರ, ಒಳಗಿನ ಗೆರೆಗಳನ್ನು ಎಳೆಯುವುದು ಪ್ರಾಂತ್ಯಗಳು. ಬಹುಪಾಲು ಕಡೆ ಕನಿಷ್ಠ ವಯಸ್ಸು 19, ಆಲ್ಬರ್ಟಾದಲ್ಲಿ 18. ಕ್ವಿಬೆಕ್ 18ರಿಂದ ಶುರುಮಾಡಿ 2020ರ ಜನವರಿಯಿಂದ ಅದನ್ನು 21ಕ್ಕೆ ಏರಿಸಿತು, ಮನೆಯಲ್ಲಿ ಗಿಡ ಬೆಳೆಯುವುದನ್ನೂ ನಿಷೇಧಿಸಿತು. ಆ ನಿಷೇಧವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಗಾಂಜಾ ಬೆರೆಸಿದ ಚಾಕೊಲೇಟ್, ಗಮ್ಮಿ ಎಂಬ ಜಗಿಯುವ ಮಿಠಾಯಿಯಂತಹ ತಿನಿಸುಗಳಿಗೆ ಅನುಮತಿ ಸಿಕ್ಕಿದ್ದು ಒಂದು ವರ್ಷ ತಡವಾಗಿ, 2019ರ ಅಕ್ಟೋಬರ್‌ನಲ್ಲಿ. ಈ ದಿನಾಂಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ‘ಅಕ್ರಮ-ಸಕ್ರಮ’ ಎಂದರೆ ದಂಡ ಕಟ್ಟಿ ಕಟ್ಟಡ ಉಳಿಸಿಕೊಳ್ಳುವುದು. ಇದು ಅಂಥದ್ದಲ್ಲ. ಮಾರುವವರಿಗೆ ಪರವಾನಗಿ, ಪೊಟ್ಟಣಕ್ಕೆ ಎಚ್ಚರಿಕೆಯ ಪಟ್ಟಿ, ಜಾಹೀರಾತಿಗೆ ಕಡಿವಾಣ ಎಲ್ಲ ಇವೆ. ಅಪ್ರಾಪ್ತರಿಗೆ ಕೊಟ್ಟವರಿಗೆ 14 ವರ್ಷದವರೆಗೆ ಜೈಲಾಗಬಹುದು.

ಸರಿ, ಸೇದುವವರು ಹೆಚ್ಚಾದರೇ?

ಹೆಚ್ಚಾದರು. ಆದರೆ ಹೆಚ್ಚಳ 2018ರಲ್ಲಿ ಶುರುವಾಗಲಿಲ್ಲ.

ಸರ್ಕಾರದ ಒಂದು ಸಮೀಕ್ಷೆಯ ಪ್ರಕಾರ, 15 ವರ್ಷ ದಾಟಿದ ಕೆನಡಿಯನ್ನರಲ್ಲಿ ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಬಳಸಿದವರು 2013ರಲ್ಲಿ ಸುಮಾರು ಶೇ 11. 2015ರಲ್ಲಿ ಶೇ 12, 2017ರಲ್ಲಿ ಶೇ 15. ಈ ಮೂರೂ ಕಾಯ್ದೆಗೆ ಮುಂಚಿನ ಲೆಕ್ಕ. ಕಾಯ್ದೆ ಬಂದ ಮರುವರ್ಷ, 2019ರಲ್ಲಿ, ಶೇ 21. ಅಂದರೆ ಏಣಿ ಆಗಲೇ ಏರುತ್ತಿತ್ತು, ಕಾಯ್ದೆಯ ಮೆಟ್ಟಿಲು ಮಾತ್ರ ಸ್ವಲ್ಪ ಎತ್ತರವಾಗಿತ್ತು.

ಕೆನಡಾದ ಆರೋಗ್ಯ ಇಲಾಖೆ ಗಾಂಜಾಕ್ಕೆಂದೇ ಪ್ರತಿವರ್ಷ ಇನ್ನೊಂದು ಸಮೀಕ್ಷೆ ನಡೆಸುತ್ತದೆ. ಅದರಲ್ಲಿ 16 ವರ್ಷ ದಾಟಿದವರ ಲೆಕ್ಕ 2018ರಲ್ಲಿ ಶೇ 22, 2019ರಲ್ಲಿ ಶೇ 25, 2020ರಲ್ಲಿ ಶೇ 27. ಆಮೇಲೆ ಅದು ಅಲ್ಲೇ ಆಚೀಚೆ ಆಡುತ್ತಿದೆ: 2023ರಲ್ಲಿ ಶೇ 26, 2024ರಲ್ಲೂ ಶೇ 26. ಮೊದಲ ಎರಡು ವರ್ಷ ಏರಿತು, ಆಮೇಲೆ ನಿಂತಿತು. “ದೇಶವೇ ಅಮಲಿನಲ್ಲಿ ಮುಳುಗಿದೆ” ಎನ್ನುವವರಿಗೂ “ಏನೂ ಆಗಲೇ ಇಲ್ಲ” ಎನ್ನುವವರಿಗೂ ಈ ಅಂಕಿಗಳಲ್ಲಿ ಆಸರೆ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಈ ಎರಡು ಸಮೀಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬೇಡಿ. ಕೇಳುವ ವಯಸ್ಸು ಬೇರೆ, ಜನರನ್ನು ಆರಿಸುವ ವಿಧಾನ ಬೇರೆ. ಒಂದರ 2017ರ ಶೇ 15ನ್ನು ಇನ್ನೊಂದರ 2020ರ ಶೇ 27ರ ಜತೆ ಇಟ್ಟು “ಮೂರೇ ವರ್ಷದಲ್ಲಿ ದುಪ್ಪಟ್ಟು” ಎಂದು ಬರೆಯುವುದು ಸುಲಭ. ಬೆಂಗಳೂರಿನ ಸೇರನ್ನೂ ಹುಬ್ಬಳ್ಳಿಯ ಸೇರನ್ನೂ ಒಂದೇ ಚೀಲಕ್ಕೆ ಅಳೆದು ಸುರಿದ ಹಾಗೆ ಅದು.

ಸಮೀಕ್ಷೆಯಲ್ಲಿ ಜನ ನಿಜ ಹೇಳುತ್ತಾರೆಯೇ?

ಎಲ್ಲ ಪ್ರಶ್ನೆಗಳಿಗಿಂತ ಒಳ್ಳೆಯ ಪ್ರಶ್ನೆ ಇದು, ಪಂಕ್ತಿಯಲ್ಲಿ ಯಾರೂ ಕೇಳುವುದಿಲ್ಲ. ಸೇದುವುದು ಅಪರಾಧವಾಗಿದ್ದ ಕಾಲದಲ್ಲಿ ಸರ್ಕಾರದ ಕಡೆಯವರು ಫೋನ್ ಮಾಡಿ “ಸೇದುತ್ತೀರಾ?” ಎಂದು ಕೇಳಿದರೆ “ಇಲ್ಲಪ್ಪಾ” ಎನ್ನುವವರು ಸಾಕಷ್ಟು ಇದ್ದಿರಬೇಕು. ಅಪರಾಧದ ಪಟ್ಟಿಯಿಂದ ತೆಗೆದ ಮೇಲೆ ಅದೇ ಮನುಷ್ಯ “ಹೌದು, ಶನಿವಾರ ಒಂದು” ಎಂದರೆ ಬಳಕೆ ಹೆಚ್ಚಿದಂತೆ ಕಾಣುತ್ತದೆ. ಹೆಚ್ಚಿದ್ದು ಅವನ ಧೈರ್ಯ. ಏರಿಕೆಯಲ್ಲಿ ಒಂದು ಪಾಲು ಹೀಗೆ ಒಪ್ಪಿಕೊಂಡವರದ್ದೇ ಇರಬಹುದು. ಆ ಪಾಲನ್ನು ಬೇರ್ಪಡಿಸಿ ಅಳೆಯುವ ಒರೆಗಲ್ಲು ಸಮೀಕ್ಷೆಯಲ್ಲಿಲ್ಲ. ಆದ್ದರಿಂದ ಬಾಯಿಮಾತಿನ ಅಂಕಿಗಿಂತ ಆಸ್ಪತ್ರೆಯ ದಾಖಲೆಗಳನ್ನು ನಾನು ಹೆಚ್ಚು ಗಮನಿಸುತ್ತೇನೆ.

ದಿನಾ ಸೇದುವವರ ಕತೆ ಏನು?

ವರ್ಷಕ್ಕೊಮ್ಮೆ ಗೆಳೆಯರ ಕೂಟದಲ್ಲಿ ಎರಡು ದಮ್ಮು ಎಳೆದವನೂ, ಬೆಳಗ್ಗೆ ಕಾಫಿಯ ಜತೆಗೇ ಶುರುಮಾಡುವವನೂ ‘ವರ್ಷದಲ್ಲಿ ಬಳಸಿದವರು’ ಎಂಬ ಒಂದೇ ಖಾನೆಯಲ್ಲಿ ಕೂರುತ್ತಾರೆ. ಚಿಂತೆ ಮಾಡಬೇಕಾದದ್ದು ಎರಡನೆಯವನ ಬಗ್ಗೆ.

ಕೆನಡಾದಲ್ಲಿ ಬಳಸುವವರ ಪೈಕಿ ಸುಮಾರು ನಾಲ್ಕರಲ್ಲಿ ಒಬ್ಬರು ದಿನಾ ಅಥವಾ ಹೆಚ್ಚುಕಡಿಮೆ ದಿನಾ ಬಳಸುತ್ತಾರೆ. ಈ ಪ್ರಮಾಣ 2018ರಿಂದ ಹೆಚ್ಚೇನೂ ಬದಲಾಗಿಲ್ಲ. ಆದರೆ ಒಟ್ಟು ಬಳಸುವವರೇ ಹೆಚ್ಚಿರುವಾಗ, ಪ್ರಮಾಣ ಅಷ್ಟೇ ಇದ್ದರೂ ತಲೆಗಳ ಎಣಿಕೆ ಹೆಚ್ಚುತ್ತದೆ. ಈ ಸಣ್ಣ ಗಣಿತವನ್ನು ‘ಏನೂ ಬದಲಾಗಿಲ್ಲ’ ಎನ್ನುವ ವರದಿಗಳು ಜಾಣತನದಿಂದ ಮರೆಯುತ್ತವೆ.

ಅಮೆರಿಕದ ಚಿತ್ರ ಇನ್ನೂ ಒರಟು. ಅಲ್ಲಿ 2022ರಲ್ಲಿ ದಿನಾ ಅಥವಾ ಹೆಚ್ಚುಕಡಿಮೆ ದಿನಾ ಗಾಂಜಾ ಬಳಸುವವರು ಸುಮಾರು 1.77 ಕೋಟಿ, ಅಷ್ಟೇ ನಿಯಮಿತವಾಗಿ ಮದ್ಯ ಕುಡಿಯುವವರು ಸುಮಾರು 1.47 ಕೋಟಿ. ನಿತ್ಯದ ಅಭ್ಯಾಸದಲ್ಲಿ ಗಾಂಜಾ ಮದ್ಯವನ್ನು ಹಿಂದಿಕ್ಕಿದೆ. 1992ರಲ್ಲಿ ಅಲ್ಲಿ ಇಂಥ ನಿತ್ಯದ ಗಾಂಜಾ ಬಳಕೆದಾರರು ಹತ್ತು ಲಕ್ಷವೂ ಇರಲಿಲ್ಲ.

ಸರಕೂ ಹಳೆಯದಲ್ಲ. 1980ರ ದಶಕದ ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ ಅಂಶ ಸಾಮಾನ್ಯವಾಗಿ ಶೇ 5ರ ಒಳಗಿರುತ್ತಿತ್ತು. ಈಗ ಅಂಗಡಿಯಲ್ಲಿ ಶೇ 20 ದಾಟಿದ್ದೇ ಮಾಮೂಲು. “ನಾವೂ ಕಾಲೇಜಿನಲ್ಲಿ ಸೇದಿದ್ದೆವು, ಏನಾಯಿತು?” ಎನ್ನುವ ಹಿರಿಯರು ಹೋಲಿಸುತ್ತಿರುವುದು ಮಜ್ಜಿಗೆಯನ್ನು ಸಾರಾಯಿಯ ಜತೆ.

ಶಾಲೆಯ ಮಕ್ಕಳು?

ಎಲ್ಲರೂ ಹೆದರಿದ್ದು ಇದಕ್ಕೆ. ಆದರೆ ಹೆದರಿದ ಹಾಗೆ ಆಗಲಿಲ್ಲ. 7ರಿಂದ 12ನೇ ತರಗತಿಯ ವಿದ್ಯಾರ್ಥಿಗಳಲ್ಲಿ ವರ್ಷದಲ್ಲಿ ಒಮ್ಮೆಯಾದರೂ ಬಳಸಿದವರು 2016–17ರಲ್ಲಿ ಶೇ 17, 2018–19ರಲ್ಲಿ ಶೇ 18, 2021–22ರಲ್ಲೂ ಶೇ 18. ಹೆಚ್ಚಲಿಲ್ಲ. ಕಾಳಸಂತೆಯ ಜಾಗಕ್ಕೆ ಗುರುತಿನ ಚೀಟಿ ಕೇಳುವ ಅಂಗಡಿ ಬಂದರೆ ಮಕ್ಕಳ ಬಳಕೆ ಇಳಿಯುತ್ತದೆ ಎಂದು ಸರ್ಕಾರ ಹೇಳಿತ್ತಲ್ಲ, ಅದೂ ಆಗಲಿಲ್ಲ. ಆರು ಮಕ್ಕಳಲ್ಲಿ ಒಬ್ಬರು ಎಂಬ ಲೆಕ್ಕ ನೆಮ್ಮದಿಯದ್ದೇನಲ್ಲ. 16ರಿಂದ 19ರ ವಯಸ್ಸಿನವರಲ್ಲಂತೂ ಅಂಕಿ ವರ್ಷದಿಂದ ವರ್ಷಕ್ಕೆ ಏರಿಳಿದು ಶೇ 40ರ ಆಸುಪಾಸಿನಲ್ಲಿದೆ.

ಯಾರೂ ಅಷ್ಟಾಗಿ ಯೋಚಿಸದಿದ್ದ ಕಡೆಯಿಂದ ಪೆಟ್ಟು ಬಿತ್ತು: ಹತ್ತು ವರ್ಷದೊಳಗಿನ ಪುಟ್ಟ ಮಕ್ಕಳು. ಮೇಲೆ ಹೇಳಿದ 2019ರ ದಿನಾಂಕ ನೆನಪಿದೆಯಲ್ಲ, ತಿನಿಸುಗಳಿಗೆ ಅನುಮತಿ ಸಿಕ್ಕಿದ್ದು? ಅದಾದ ಮೇಲೆ ಒಂಟಾರಿಯೊದಲ್ಲಿ ತಿಳಿಯದೆ ಗಾಂಜಾ ತಿಂದು ತುರ್ತು ಚಿಕಿತ್ಸೆಗೆ ಬಂದ ಪುಟ್ಟ ಮಕ್ಕಳ ಮಾಸಿಕ ಸರಾಸರಿ ಸಕ್ರಮಕ್ಕೆ ಮುಂಚಿನದಕ್ಕಿಂತ ಸುಮಾರು ಒಂಬತ್ತು ಪಟ್ಟಾಯಿತು. ಒಟ್ಟು ಎಣಿಕೆ ನೂರುಗಳಲ್ಲಿದೆ, ಸಾವಿರಗಳಲ್ಲಿಲ್ಲ. ಆದರೂ ಫ್ರಿಜ್ಜಿನಲ್ಲಿ ಅಪ್ಪ ಇಟ್ಟ ಗಮ್ಮಿಯನ್ನು ಮೂರು ವರ್ಷದ ಮಗು ಮಿಠಾಯಿ ಎಂದುಕೊಂಡು ತಿನ್ನುತ್ತದೆ, ಏಳಿಸಿದರೂ ಏಳದ ಹಾಗೆ ಮಲಗುತ್ತದೆ. ಇಂಥ ತಿನಿಸಿನ ಸಕ್ರಮ ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರುವಂತಿಲ್ಲ. ಮಗುವಿಗೆ ಅದೇ ಹೆಚ್ಚು. ಮಕ್ಕಳ ಕಣ್ಣಿಗೆ ಮಿಠಾಯಿಯಂತೆ ಕಾಣುವ ತಿನಿಸುಗಳನ್ನು ಕ್ವಿಬೆಕ್ ಮೊದಲೇ ತಡೆದಿತ್ತು. ಅಲ್ಲಿ ಏರಿಕೆ ಕಡಿಮೆ. ‘ಸಕ್ರಮ ಬೇಕೇ, ಬೇಡವೇ’ ಎಂದು ಗಂಟಲು ಹರಿದುಕೊಳ್ಳುವುದಕ್ಕಿಂತ ‘ಯಾವ ರೂಪದಲ್ಲಿ’ ಎಂದು ಕೇಳುವುದರಲ್ಲಿ ಹೆಚ್ಚು ಫಲವಿದೆ ಎಂದು ನಾನು ನಂಬಿರುವುದು ಈ ಒಂದು ಹೋಲಿಕೆಯಿಂದ.

ಅಜ್ಜ-ಅಜ್ಜಿಯರೂ ಬಳಸುತ್ತಾರಂತೆ?

ನಿಜ. ನಿದ್ದೆ ಬಾರದು, ಮಂಡಿ ನೋವು ಎಂದು 65 ದಾಟಿದವರು ಎಣ್ಣೆ, ತಿನಿಸು ಕೊಳ್ಳುತ್ತಾರೆ. ತಿಂದದ್ದು ತಲೆಗೇರಲು ಒಂದೆರಡು ಗಂಟೆ ಬೇಕಾಗಬಹುದು. “ಏನೂ ಆಗಲಿಲ್ಲ” ಎಂದು ಇನ್ನೊಂದು ತಿಂದು, ತಲೆ ಸುತ್ತಿ ಬಿದ್ದು ಆಸ್ಪತ್ರೆ ಸೇರಿದ ವೃದ್ಧರ ಎಣಿಕೆಯೂ ಒಂಟಾರಿಯೊದಲ್ಲಿ ಏರಿದೆ.

ಕಾನೂನು ಬಂದ ಮೇಲೆ ಜನರ ಮನಸ್ಸು ಬದಲಾಯಿತೇ?

ಕೆನಡಾದಲ್ಲಿ ಮನಸ್ಸು ಮೊದಲು ಬದಲಾಯಿತು, ಕಾನೂನು ಕುಂಟುತ್ತಾ ಹಿಂದೆ ಬಂತು. ಗಾಂಜಾವನ್ನು ನಿಷೇಧಿಸಿದ್ದು 1923ರಲ್ಲಿ. ಸರ್ಕಾರವೇ ನೇಮಿಸಿದ್ದ ಲೆ ಡೇನ್ ಆಯೋಗ 1972ರಷ್ಟು ಹಿಂದೆಯೇ, ಸ್ವಂತಕ್ಕೆ ಇಟ್ಟುಕೊಂಡವರನ್ನು ಶಿಕ್ಷಿಸುವುದು ಬಿಡಿ ಎಂದಿತ್ತು. ಸರ್ಕಾರಗಳು ವರದಿಯನ್ನು ಕಪಾಟಿನಲ್ಲಿಟ್ಟವು. 2015ರ ಚುನಾವಣೆಯಲ್ಲಿ ಜಸ್ಟಿನ್ ಟ್ರುಡೊ ಅದನ್ನು ಭರವಸೆಯಾಗಿ ಕೊಡುವ ಹೊತ್ತಿಗೆ ಬಹುಮತ ಆ ಕಡೆಗೇ ಇತ್ತು. ಆಮೇಲೆ 2019, 2021, 2025ರಲ್ಲಿ ಚುನಾವಣೆ ನಡೆದವು. ಕಾಯ್ದೆಯನ್ನು ಹಿಂದೆಗೆಯುವುದು ಯಾವುದರಲ್ಲೂ ದೊಡ್ಡ ವಿಷಯವಾಗಲಿಲ್ಲ. ವಿರೋಧಿಸಿದ್ದ ಪಕ್ಷವೂ ಮಾತೆತ್ತಲಿಲ್ಲ. ಜನ ಒಪ್ಪಿದ್ದಾರೆ ಎಂಬುದಕ್ಕೆ ಜನಮತ ಸಮೀಕ್ಷೆಗಿಂತ ಇದು ದೊಡ್ಡ ಸಾಕ್ಷಿ.

ಉರುಗ್ವೆಯಲ್ಲಿ ತಿರುವುಮುರುವು. 2013ರಲ್ಲಿ ಸಂಸತ್ತು ಕಾನೂನು ಮಾಡಿದಾಗ ಹತ್ತರಲ್ಲಿ ಆರಕ್ಕೂ ಹೆಚ್ಚು ಜನ ವಿರೋಧಿಸಿದ್ದರು. ಔಷಧ ಅಂಗಡಿಗಳಲ್ಲಿ ಮಾರಾಟ ಶುರುವಾಗಲು 2017ರ ಜುಲೈ ಬಂತು.

ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 1969ರಿಂದ ಒಂದೇ ಪ್ರಶ್ನೆ ಕೇಳುತ್ತಿದೆ: ಗಾಂಜಾ ಸಕ್ರಮವಾಗಬೇಕೇ? ಆಗ ಹೌದೆಂದವರು ಶೇ 12. 2023ರಲ್ಲಿ ಶೇ 70. ಆದರೆ 2025ರಲ್ಲಿ ಅದು ಶೇ 64ಕ್ಕೆ ಇಳಿದಿದೆ. ಅಲ್ಲಿನ ಮಹಾನಗರಗಳ ಬೀದಿಯಲ್ಲಿ ನಡೆದವರಿಗೆ ಇಳಿಕೆಯ ಒಂದು ಕಾರಣ ಮೂಗಿಗೇ ತಿಳಿದೀತು. ಇದು ನನ್ನ ಊಹೆ, ಗ್ಯಾಲಪ್‌ನ ಮಾತಲ್ಲ.

ಹಾಗಾದರೆ ಯಾರಿಗೂ ತಕರಾರಿಲ್ಲವೇ?

ತಕರಾರಿದೆ, ಜಾಗ ಬದಲಾಗಿದೆ. “ಸೇದುವುದು ಅಪರಾಧವಾಗಬಾರದು” ಎನ್ನುವವರೇ “ನಮ್ಮ ಬೀದಿಯಲ್ಲಿ ಅಂಗಡಿ ಬೇಡ” ಎನ್ನುತ್ತಾರೆ. ಅಂಗಡಿ ಬೇಡ ಎನ್ನುವ ಅವಕಾಶವನ್ನು ಒಂಟಾರಿಯೊ ನಗರಸಭೆಗಳಿಗೆ ಕೊಟ್ಟಿತ್ತು. ನಮ್ಮವರು ಬಹಳ ಮಂದಿ ಇರುವ ಮಿಸ್ಸಿಸ್ಸಾಗ 2018ರ ಡಿಸೆಂಬರ್‌ನಲ್ಲಿ ಬೇಡ ಎಂದಿತು. ಪಕ್ಕದ ಬ್ರಾಂಪ್ಟನ್ ಬೇಕು ಎಂದಿತು. ಮಿಸ್ಸಿಸ್ಸಾಗದವರು ಸೇದುವುದನ್ನೇನೂ ಬಿಡಲಿಲ್ಲ. ಪಕ್ಕದೂರಿಗೆ ಹೋಗಿ ಕೊಂಡರು, ಅಂಚೆಯಲ್ಲಿ ತರಿಸಿದರು, ಪರವಾನಗಿ ಇಲ್ಲದವರಿಂದಲೂ ತೆಗೆದುಕೊಂಡರು. ನಾಲ್ಕು ವರ್ಷ ನೋಡಿ 2023ರ ಏಪ್ರಿಲ್‌ನಲ್ಲಿ ನಗರಸಭೆ ಮತ ಹಾಕಿ ಬಾಗಿಲು ತೆರೆಯಿತು. ಈಗಿನ ದೂರು ಇನ್ನೊಂದು ತುದಿಯದು: ಒಂದೇ ರಸ್ತೆಯಲ್ಲಿ ನಾಲ್ಕು ಅಂಗಡಿ ಯಾಕೆ?

ಉಳಿದದ್ದು ವಾಸನೆ. ಬಹುಮಹಡಿ ಕಟ್ಟಡದಲ್ಲಿ ಕೆಳಗಿನ ಮನೆಯವನ ಹೊಗೆ ಮೇಲಿನ ಮನೆಯ ದೇವರ ಕೋಣೆಗೆ ಬರುತ್ತದೆ. ನನ್ನ ಅತ್ತೆಯವರು ದಾವಣಗೆರೆಯಿಂದ ಬಂದ ಮೊದಲ ವಾರ “ಯಾರದೋ ಮನೆಯಲ್ಲಿ ವಯರ್ ಸುಡುತ್ತಿದೆ” ಎಂದು ರಾತ್ರಿ ಎರಡು ಸಲ ನಮ್ಮನ್ನು ಎಬ್ಬಿಸಿದ್ದರು. ಈಗ ಮೂಗು ಮುಚ್ಚಿ, ಊದುಬತ್ತಿ ಹಚ್ಚಿ, ಮಲಗುತ್ತಾರೆ. ಜನಾಭಿಪ್ರಾಯ ಬದಲಾಗುವ ಬಗೆ ಬಹುಶಃ ಹೀಗೆಯೇ. ಒಪ್ಪಿಗೆಯೇನಲ್ಲ, ರೂಢಿ.

ಕಳ್ಳ ವ್ಯಾಪಾರ ನಿಂತಿತೇ?

ನಿಂತಿಲ್ಲ, ಸೊರಗಿದೆ. ಮೊದಲ ವರ್ಷ ಅಂಗಡಿಗಳು ತೀರಾ ಕಡಿಮೆಯಿದ್ದವು. ಒಂಟಾರಿಯೊ 2019ರ ಜನವರಿಯಲ್ಲಿ ಲಾಟರಿ ಎತ್ತಿ, ಏಪ್ರಿಲ್‌ನಲ್ಲಿ ಬರೀ 25 ಪರವಾನಗಿಗಳಿಂದ ಶುರುಮಾಡಿತು. ಬೆಲೆಯೂ ಕಾಳಸಂತೆಗಿಂತ ಹೆಚ್ಚಿತ್ತು. ಅಂಗಡಿಗಳು ಸಾವಿರ ದಾಟಿ ಬೆಲೆ ಇಳಿದ ಮೇಲೆ ಜನ ತಾವಾಗಿ ಈ ಕಡೆ ಬಂದರು. 2023ರ ಹೊತ್ತಿಗೆ ಹತ್ತರಲ್ಲಿ ಏಳು ಮಂದಿಗಿಂತ ಹೆಚ್ಚು ಸಕ್ರಮ ಮೂಲದಿಂದ ಕೊಳ್ಳುತ್ತಿದ್ದುದಾಗಿ ಹೇಳಿದರು. ನನ್ನ ದೃಷ್ಟಿಯಲ್ಲಿ ಕಾಯ್ದೆಯ ದೊಡ್ಡ ಗೆಲುವು ಇದು. ಇನ್ನೊಂದು, ಸಣ್ಣ ಪೊಟ್ಟಣಕ್ಕಾಗಿ ಹುಡುಗರ ಮೇಲೆ ಪೊಲೀಸ್ ದಾಖಲೆ ಬೀಳುವುದು ಹೆಚ್ಚುಕಡಿಮೆ ನಿಂತದ್ದು. ಆದರೆ ಹಳೆಯ ದಾಖಲೆ ಅಳಿಸಲು 2019ರಲ್ಲಿ ತಂದ ಉಚಿತ ಕ್ಷಮೆಯ ಯೋಜನೆ ಕಾಗದಪತ್ರಗಳ ಕಾಡಿನಲ್ಲಿ ಕಳೆದುಹೋಯಿತು. ಮೊದಲ ವರ್ಷಗಳಲ್ಲಿ ಅದರ ಫಲ ಪಡೆದವರು ಬರೀ ಕೆಲವು ನೂರು ಜನ.

ಬುದ್ಧಿಭ್ರಮಣೆಯಾಗುತ್ತದೆ ಎನ್ನುತ್ತಾರಲ್ಲ?

ಹಗುರವಾಗಿ ತೆಗೆದುಕೊಳ್ಳಬೇಡಿ. ಒಂಟಾರಿಯೊದ ಲಕ್ಷಾಂತರ ಜನರ ಆರೋಗ್ಯ ದಾಖಲೆಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆಯ ಹೊಸ ಪ್ರಕರಣಗಳಲ್ಲಿ ಗಾಂಜಾ ಚಟದ ಜತೆ ತಳುಕು ಹಾಕಿಕೊಂಡವುಗಳ ಪಾಲು ಸಕ್ರಮಕ್ಕೆ ಮುಂಚೆ ಸುಮಾರು ಶೇ 4 ಇದ್ದದ್ದು ಆಮೇಲೆ ಶೇ 10ಕ್ಕೆ ಏರಿದೆ. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿದೆ: ಒಟ್ಟಾರೆ ಸ್ಕಿಜೋಫ್ರೇನಿಯಾ ಪ್ರಮಾಣ ಆ ಅವಧಿಯಲ್ಲಿ ಸ್ಥಿರವಾಗಿಯೇ ಇತ್ತು. ಒಟ್ಟಿಗೆ ಕಂಡದ್ದೆಲ್ಲ ಕಾರಣ-ಪರಿಣಾಮವಲ್ಲ. ಆದರೂ ಹದಿಹರೆಯದಲ್ಲಿ ಶುರುಮಾಡಿ, ದಿನಾ, ತೀಕ್ಷ್ಣ ಸರಕು ಬಳಸುವವರಿಗೆ ಅಪಾಯ ಹೆಚ್ಚು ಎಂಬುದರಲ್ಲಿ ವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ. ಮನೆತನದಲ್ಲಿ ಯಾರಿಗಾದರೂ ಇಂಥ ಕಾಯಿಲೆಯಿದ್ದರೆ ಮಕ್ಕಳಿಗೆ ಮುಚ್ಚಿಡದೆ ಹೇಳಿ. ನಮ್ಮವರು ಮುಚ್ಚಿಡುವುದರಲ್ಲಿ ನಿಸ್ಸೀಮರು.

ಥಾಯ್ಲೆಂಡ್, ಜರ್ಮನಿ?

ಥಾಯ್ಲೆಂಡ್ 2022ರ ಜೂನ್‌ನಲ್ಲಿ ಮಾದಕ ವಸ್ತುಗಳ ಪಟ್ಟಿಯಿಂದ ಗಾಂಜಾವನ್ನು ತೆಗೆದುಹಾಕಿತು, ನಿಯಮ ಬರೆಯುವುದನ್ನು ಮರೆಯಿತು. ಅಂಗಡಿಗಳು ಅಣಬೆಯಂತೆ ಎದ್ದವು. ಮೂರು ವರ್ಷಕ್ಕೆ, 2025ರ ಜೂನ್‌ನಲ್ಲಿ, ವೈದ್ಯರ ಚೀಟಿ ಕಡ್ಡಾಯವಾಯಿತು. ಜರ್ಮನಿ 2024ರ ಏಪ್ರಿಲ್‌ನಿಂದ ವಯಸ್ಕರಿಗೆ 25 ಗ್ರಾಂವರೆಗೆ ಬಿಟ್ಟಿದೆ, ಅಂಗಡಿಗಳಿಗೆ ಬಿಟ್ಟಿಲ್ಲ. ಇವೆರಡರ ಅಂಕಿಗಳಿಂದ ತೀರ್ಪು ಕೊಡಲು ಇನ್ನೂ ಕಾಲವಿದೆ.

ನಮ್ಮ ದೇಶದಲ್ಲಿ ಭಂಗಿ ಇಲ್ಲವೇ? ಮತ್ತೇಕೆ ಇಷ್ಟು ಗದ್ದಲ?

ಭಾರತದ ಮಾದಕ ವಸ್ತು ನಿಯಂತ್ರಣ ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆ ಗಿಡದ ಹೂವಿನ ತೆನೆಯನ್ನು ಗಾಂಜಾ ಎಂದೂ ಅಂಟನ್ನು ಚರಸ್ ಎಂದೂ ನಿಷೇಧಿಸುತ್ತದೆ. ತೆನೆಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಭಂಗಿ ಉಳಿದುಕೊಂಡದ್ದು ಆ ಸಂದಿಯಲ್ಲಿ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ, ಈ ಕಾಯ್ದೆಯಲ್ಲಿ ಭಂಗಿಯನ್ನು ನಿಷೇಧಿತ ಎಂದು ಎಲ್ಲೂ ಹೇಳಿಲ್ಲ ಎಂದು ಗಮನಿಸಿತ್ತು. ಅದನ್ನು ಗಾಂಜಾಕ್ಕೆ ಸಿಕ್ಕ ಪರವಾನಗಿ ಎಂದು ಓದಿಕೊಂಡವರು ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ವರ್ಷದಲ್ಲಿ ಈ ಗಿಡದ ಯಾವುದಾದರೂ ರೂಪ ಬಳಸಿದವರು ಶೇ 2.8, ಸುಮಾರು 3.1 ಕೋಟಿ ಜನ. ಅವರಲ್ಲಿ ಹೆಚ್ಚಿನವರು ಭಂಗಿಯವರು. ಕೆನಡಾದ ಶೇ 26ರ ಪಕ್ಕ ಇದು ಬಹಳ ಚಿಕ್ಕದಾಗಿ ಕಾಣುತ್ತದೆ. ಆದರೆ ಮೇಲೆ ಹೇಳಿದ ಧೈರ್ಯದ ಮಾತು ಇಲ್ಲಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಜೈಲಿಗೆ ಹಾಕುವ ದೇಶದಲ್ಲಿ, ಅದೂ ಅತ್ತೆ-ಮಾವ ಪಕ್ಕದ ಕೋಣೆಯಲ್ಲಿರುವಾಗ, ಯಾರು ಹೌದೆನ್ನುತ್ತಾರೆ?

ಮಗ ಓದಲು ಕೆನಡಾಕ್ಕೆ ಹೋಗುತ್ತಿದ್ದಾನೆ. ಏನು ಹೇಳಿ ಕಳಿಸಲಿ?

“ಮುಟ್ಟಬೇಡ” ಎಂದು ಹೇಳಿಯೇ ಹೇಳುತ್ತೀರಿ. ಅದರ ಜತೆಗೆ ಮೂರು ಮಾತು ಸೇರಿಸಿ.

ಸೇದಿ ಕಾರು ಓಡಿಸಬಾರದು. ರಕ್ತದಲ್ಲಿ ಟಿಎಚ್‌ಸಿ ಇಷ್ಟು ನ್ಯಾನೊಗ್ರಾಂ ದಾಟಿದರೆ ಅಪರಾಧ ಎಂದು ಕಾನೂನು ಗೆರೆ ಹಾಕಿದೆ. 2018ರ ಡಿಸೆಂಬರ್‌ನಿಂದ ಇದರ ಗರಿಷ್ಠ ಶಿಕ್ಷೆ 10 ವರ್ಷಕ್ಕೆ ಏರಿರುವುದರಿಂದ, ಪೌರತ್ವ ಇಲ್ಲದವರಿಗೆ ಇದು ವಲಸೆ ಕಾನೂನಿನಲ್ಲಿ ಗಂಭೀರ ಅಪರಾಧವಾಗುತ್ತದೆ. ಕಾಯಂ ನಿವಾಸಿ ಆಗುವ ಕನಸು, ಆಗಿದ್ದರೆ ಆ ಪತ್ರವೂ, ಅಲ್ಲಿಗೇ ಮುಗಿಯಬಹುದು. ಕೆನಡಿಯನ್ ಗೆಳೆಯನಿಗೆ ದಂಡವಾಗುವ ಜಾಗದಲ್ಲಿ ನಿಮ್ಮ ಮಗನಿಗೆ ವಿಮಾನದ ಟಿಕೆಟ್ ಆಗುತ್ತದೆ.

ಅಮೆರಿಕದ ಗಡಿಯಲ್ಲಿ ಜಾಗ್ರತೆ. ಅಲ್ಲಿ ಎಷ್ಟೋ ರಾಜ್ಯಗಳು ಸಕ್ರಮಗೊಳಿಸಿದ್ದರೂ ಗಡಿ ಕಾಯುವುದು ಕೇಂದ್ರ ಸರ್ಕಾರ. ಅದರ ಕಾನೂನಿನಲ್ಲಿ ಗಾಂಜಾ ಇನ್ನೂ ಅಪರಾಧ. ಒಂದು ಸಲ ಸೇದಿದ್ದೆ ಎಂದು ಒಪ್ಪಿಕೊಂಡ ವಿದೇಶಿಯನ್ನೂ ಹಿಂದಕ್ಕೆ ಕಳಿಸಬಹುದು.

ಮೂರನೆಯದು, ಊರಿಗೆ ಬರುವಾಗ ಚೀಲವನ್ನು ತಾನೇ ತುಂಬಬೇಕು, ಜೇಬುಗಳನ್ನೆಲ್ಲ ತಡಕಬೇಕು. ಕೆನಡಾದಿಂದ ಗಾಂಜಾವನ್ನು ಹೊರಗೆ ಒಯ್ಯುವುದು ಕೆನಡಾದ ಕಾನೂನಿನಲ್ಲೇ ಅಪರಾಧ, ವೈದ್ಯರ ಚೀಟಿ ಇದ್ದರೂ. ಕೋಣೆಯ ಗೆಳೆಯ ಕೊಟ್ಟ ಅರ್ಧ ಪೊಟ್ಟಣ ಗಮ್ಮಿ ಜಾಕೆಟ್ಟಿನ ಒಳಜೇಬಿನಲ್ಲಿ ಮರೆತು ಉಳಿದಿದ್ದರೆ, ಅದು ಎಲ್ಲಿ ಸಕ್ರಮವಾಗಿ ಕೊಂಡದ್ದು ಎಂಬ ರಸೀದಿಯನ್ನು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳುವುದಿಲ್ಲ.